ನಾಲ್ಕೂವರೆ ಸೆಂಟಿಮೀಟರ್

ಟ್ಯಾಮ್ಸಿನ್ ಕೆಲ್ ಎಂಬ ಹೆಸರು ಕಣ್ಣಿಗೆ ಬಿದ್ದರೆ ಸಾಕು, ಆ ಚಳಿಗಾಲವಿಡೀ ಗಾರ್ತ್ ಲಿನೇನನಿಗೆ ಎದೆಯುರಿ ಶುರುವಾಗುತ್ತಿತ್ತು. ಎದೆಯುರಿ ಎಂದು ಮಾತಿಗೆ ಹೇಳುತ್ತಿಲ್ಲ. ನಿಜವಾಗಿಯೂ ಊಟವಾದ ಮೇಲೆ ಎರಡು ಬಿಳಿ ಮಾತ್ರೆ ಚೀಪಿಯೇ ಅವನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಅವಳನ್ನು ಅವನು ಒಂದು ಸಲವೂ ಕಂಡವನಲ್ಲ. ದನಿ ಕೂಡ ಕೇಳಿರಲಿಲ್ಲ. ಕಾಣದವರ ಮೇಲೆ ಇಷ್ಟೊಂದು ಹೊಟ್ಟೆಕಿಚ್ಚು ಹೇಗಪ್ಪಾ ಎಂದು ಯಾರಾದರೂ ಕೇಳಿದರೆ, ಅವರು ಹಿಮಕಟ್ಟೆಯಲ್ಲಿ ಒಂದು ಚಳಿಗಾಲವನ್ನೂ ಕಳೆದಿಲ್ಲ ಎಂದೇ ಲೆಕ್ಕ.

ಹಿಮಕಟ್ಟೆ ಇರುವುದು ಇಂಟರ್‌ನೆಟ್ಟಿನಲ್ಲಿ. ಹಿಮದ ಹುಚ್ಚು ಹತ್ತಿದ ಐನೂರು ಆರುನೂರು ಮಂದಿ, ಭೂಗೋಳದ ಆ ತೆಂಕಣ ಮಗ್ಗುಲಿನ ಚಳಿಗಾಲ, ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಅಲ್ಲೇ ಬೀಡುಬಿಟ್ಟಿರುತ್ತಾರೆ. ಯಾವ ಊರಿಗೆ ಎಷ್ಟು ಬೀಳುತ್ತದೆ, ಯಾವ ಗಾಳಿ ತರುತ್ತದೆ, ಯಾವ ನಕ್ಷೆ ಬುರುಡೆ ಬಿಡುತ್ತಿದೆ ಎಂದು ಮೂರು ಹೊತ್ತೂ ಜಗಳ. ಅವರಲ್ಲಿ ಒಬ್ಬರಾದರೂ ಹವಾಮಾನ ಓದಿದವರಿದ್ದರೆ ಕೇಳಿ! ಬಡಗಿ, ನರ್ಸು, ಟ್ಯಾಕ್ಸಿಯವನು, ಇಂಥವರೇ ಎಲ್ಲ. ಗಾರ್ತನೂ ಅಷ್ಟೇ, ನಿಮ್ಮಿಟಬೆಲ್ ಎಂಬ ಸಣ್ಣ ಊರಲ್ಲಿ ನೀರಿನ ಪಂಪು, ಗಾಳಿಯಂತ್ರ ರಿಪೇರಿ ಮಾಡಿಕೊಂಡಿದ್ದ ಐವತ್ತೆಂಟರ ಮನುಷ್ಯ. ಕಟ್ಟೆಯಲ್ಲಿ ಅವನ ಹೆಸರು ‘ಹಳೇಕೋಲು’.

ಕಟ್ಟೆಯ ನೆತ್ತಿಯ ಮೇಲೆ ಪ್ರತಿದಿನ ಏಳು ಗಂಟೆಗೆ ಒಂದು ಬರಹ ಬರುತ್ತದೆ. ಅದಕ್ಕೆ ‘ಬೆಳಗಿನ ಮಾತು’ ಎಂದು ಹೆಸರು. ಮಿಕ್ಕವರು ಏನೇ ಕಿರುಚಾಡಲಿ, ಅದೆಲ್ಲ ಅದರ ಕೆಳಗೆ. ಚಳಿಗಾಲವಿಡೀ ಅದನ್ನು ಬರೆಯುವವರು ಒಬ್ಬರೇ. ಆ ಒಬ್ಬ ಹನ್ನೊಂದು ವರ್ಷದಿಂದ ಗಾರ್ತನೇ. ಕಟ್ಟೆಯ ಯಜಮಾನ ಡೆನ್ಹಮ್, ವಾಗಾ ಎಂಬ ಊರಲ್ಲಿ ಹಲ್ಲಿನ ಡಾಕ್ಟರು. ಆಗಸ್ಟಿನ ಕೊನೆಯ ಭಾನುವಾರ ಅವನು ಯಾರ ಅಂದಾಜು ಎಷ್ಟು ಸಲ ನಿಜಕ್ಕೆ ಹತ್ತಿರ ಬಂದಿದೆ ಎಂದು ನೋಡಿ ಮುಂದಿನ ವರ್ಷದ ‘ಮಾತು’ ಯಾರದೆಂದು ಸಾರುತ್ತಾನೆ. ಹನ್ನೊಂದು ವರ್ಷವೂ ಅದೊಂದು ಶಾಸ್ತ್ರವಾಗಿ ನಡೆದುಹೋಗಿತ್ತು.

ನಿಜ ಎಷ್ಟು ಎಂದು ಹೇಳುವುದು ಹಲಗೆ. ಊರಿಗೊಂದು ಹಲಗೆ. ಬಿಳಿ ಬಣ್ಣ ಬಳಿದ ಪ್ಲೈವುಡ್ಡು, ಅಂಗಳದಲ್ಲಿ ಬಯಲಿಗೆ ಇಟ್ಟಿರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮೂರು ಕಡೆ ಸ್ಕೇಲು ನಿಲ್ಲಿಸಿ ಅಳೆದು, ನಡುವಿನ ಅಂಕಿಯನ್ನು ಬರೆದು, ಹಲಗೆಯನ್ನು ಕೈಯಲ್ಲಿ ಒರೆಸಿ ಬಿಡಬೇಕು. ಹಲಗೆ ಯಾರದೋ ಅವರ ಮಾತೇ ಕೊನೆ. “ಹಲಗೆ ಹೇಳ್ತು” ಎಂದರೆ ಮುಗಿಯಿತು, ಅದರ ಮೇಲೆ ಯಾರೂ ಪ್ರಶ್ನೆ ಎತ್ತುವಂತಿಲ್ಲ. ಎತ್ತಿದರೆ ಹಲಗೆಯವನ ಅಪ್ಪನನ್ನು ಬೈದ ಹಾಗೆ. ನಿಮ್ಮಿಟಬೆಲ್ಲಿನ ಹಲಗೆ ಗಾರ್ತನ ಅಂಗಳದಲ್ಲೇ ಇತ್ತು. ಪಂದ್ಯ ಆಡುವವನೂ ಅವನೇ, ತೀರ್ಪು ಕೊಡುವವನೂ ಅವನೇ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಗಾರ್ತನಿಗೂ ಅನ್ನಿಸಿರಲಿಲ್ಲ.

ಟ್ಯಾಮ್ಸಿನ್ ಕಟ್ಟೆಗೆ ಬಂದು ನಾಲ್ಕು ವರ್ಷ. ಒಂದು ಗಂಟೆ ದಾರಿಯ ಬೊಂಬಾಲ ಊರಲ್ಲಿ ಶಾಲೆಯ ಬಸ್ಸು ಓಡಿಸುವವಳು, ಕಟ್ಟೆಯಲ್ಲಿ ‘ನಿದ್ದೆಗೇಡಿ’ ಎಂದು ಹೆಸರಿಟ್ಟುಕೊಂಡಿದ್ದಳು. ಬಂದ ಹೊಸತರಲ್ಲಿ “ಎರಡು ಡಿಗ್ರಿ ಇದ್ರೂ ಹಿಮ ಕರಗದೆ ಹೆಂಗೆ ಬೀಳುತ್ತೆ?” ಎಂದು ಕೇಳಿ ಇಡೀ ಕಟ್ಟೆಗೆ ನಗೆಪಾಟಲಾಗಿದ್ದಳು. ಆಗ ಅವಳ ಪರ ನಿಂತವನು ಗಾರ್ತ್. ಗಾಳಿ ಒಣಗಿದ್ದರೆ ಹೇಗೆ, ಒದ್ದೆಯಾಗಿದ್ದರೆ ಹೇಗೆ, ಬೆಟ್ಟದ ಆ ಮಗ್ಗುಲಲ್ಲಿ ಸುರಿದದ್ದು ಈ ಮಗ್ಗುಲಿಗೆ ಯಾಕೆ ಬರುವುದಿಲ್ಲ, ಎಲ್ಲವನ್ನೂ ಕಟ್ಟೆಯಲ್ಲೇ ಬರೆದು ಬರೆದು ಹೇಳಿಕೊಟ್ಟ. ಏನಾದರೂ ಅನುಮಾನ ಬಂದರೆ ಇರಲಿ ಎಂದು ಫೋನ್ ನಂಬರನ್ನೂ ಕೊಟ್ಟ. ಅವಳು “ಮೇಷ್ಟ್ರೇ” ಎನ್ನುತ್ತಿದ್ದಳು. ಅವನು ಒಳಗೊಳಗೇ ಉಬ್ಬಿಹೋಗುತ್ತಿದ್ದ.

ಈ ವರ್ಷ ಜೂನಿನಲ್ಲಿ ಅವಳು ಮೊದಲ ಸಲ ಅವನ ‘ಬೆಳಗಿನ ಮಾತಿ’ನ ಕೆಳಗೆ ಬರೆದಳು: “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ, ಮೋಡ ನೀವಂದಿದ್ದಕ್ಕಿಂತ ಆರು ಗಂಟೆ ಮೊದ್ಲೇ ದಾಟಿಬಿಡುತ್ತೆ ಅನ್ಸುತ್ತೆ.” ಮೋಡ ಆರು ಗಂಟೆ ಮೊದಲೇ ದಾಟಿತು. ಜುಲೈನಲ್ಲಿ ಇನ್ನೆರಡು ಸಲ ಹೀಗೇ ಆಯಿತು. “ಶಿಷ್ಯೆ ಮೇಷ್ಟ್ರನ್ನೇ ನುಂಗಿದಳು” ಎಂದು ಯಾರೋ ಬರೆದರು. ಅದಕ್ಕೆ ನಲವತ್ತು ಮಂದಿ ನಗುವ ಮುಖ ಒತ್ತಿದರು. ಗಾರ್ತ್ ಆ ನಲವತ್ತೂ ಹೆಸರನ್ನು ಒಂದೊಂದಾಗಿ ಓದಿದ. ಅಷ್ಟು ವರ್ಷ ಇವನ ಹಿಂದೆ ಸುತ್ತಿದವರೇ ಅದರಲ್ಲಿ ಇಪ್ಪತ್ತು ಮಂದಿ ಇದ್ದರು, ಹಾಳಾಗಿ ಹೋಗಲಿ.

“ಒಳ್ಳೇದೇ ಆಯ್ತಲ್ಲ ಮಾರಾಯ,” ಎಂದಳು ಹೆಂಡತಿ ಲೊರೆಲ್, ಟೋಸ್ಟಿಗೆ ವೆಜಿಮೈಟ್ ಸವರುತ್ತ. “ನೀನು ಹೇಳ್ಕೊಟ್ಟಿದ್ದು ಯಾರಿಗೋ ಹತ್ತಿತಲ್ಲ.”

“ನಾನು ಹೇಳ್ಕೊಟ್ಟಿದ್ದು ಕಲೀಲಿ ಅಂತ. ನನ್ ತಲೆ ಮೇಲೆ ಕೂರ್ಲಿ ಅಂತಲ್ಲ.”

“ಓಹೋ. ಕಲೀಬೇಕು, ಆದ್ರೆ ಪಾಸಾಗ್ಬಾರ್ದು.”

ಗಾರ್ತ್ ತಟ್ಟೆ ತಳ್ಳಿ ಎದ್ದುಹೋದ. ಆಗಸ್ಟು ಬಂದಾಗ ಇಬ್ಬರೂ ಸರಿಸಮ ನಿಂತಿದ್ದರು. ಹನ್ನೊಂದು ವರ್ಷದ ಜಾಗ ಕೈತಪ್ಪುತ್ತದೆಂಬುದನ್ನು ನೆನೆದರೆ ಅವನು ನಡುರಾತ್ರಿ ಎದ್ದು ಇಬ್ಬರ ಅಂಕಿಗಳನ್ನೂ ಮತ್ತೆ ಕೂಡಿಸಿ ನೋಡುತ್ತಿದ್ದ. ಪಂಪು ರಿಪೇರಿ ಯಾರು ಬೇಕಾದರೂ ಮಾಡಿಯಾರು. ‘ಹಳೇಕೋಲು ಏನಂತಾರೆ’ ಎಂದು ಐನೂರು ಮಂದಿ ಕಣ್ಣುಜ್ಜಿಕೊಳ್ಳುತ್ತ ಮೊದಲು ನೋಡುತ್ತಿದ್ದುದು ಅವನೊಬ್ಬನನ್ನೇ.

ಆಗಸ್ಟಿನ ಎರಡನೆಯ ವಾರ ಪಡುವಣದಿಂದ ದೊಡ್ಡ ಮೋಡವೊಂದು ಏಳುತ್ತಿತ್ತು. ಶುಕ್ರವಾರ ಸಂಜೆಯೊಳಗೆ ಎಲ್ಲರೂ ಅಂದಾಜು ಹಾಕಬೇಕು. ಗಾರ್ತ್ ಮಧ್ಯಾಹ್ನವೇ ನಕ್ಷೆಗಳನ್ನು ಹರಡಿಕೊಂಡು ಕೂತು ಚೀಟಿಯ ಮೇಲೆ ‘ನಿಮ್ಮಿಟಬೆಲ್: 5’ ಎಂದು ಬರೆದಿಟ್ಟುಕೊಂಡಿದ್ದ. ಅಷ್ಟರಲ್ಲಿ ಕಟ್ಟೆಯಲ್ಲಿ ಅವಳದು ಬಂತು.

“ಗಾಳಿ ಪಡುವಣ ಬಿಟ್ಟು ಕದಲಲ್ಲ. ಬೆಟ್ಟದ ಮೇಲೆ ಅರವತ್ತು ಸುರಿದ್ರೂ ನಿಮ್ಮಿಟಬೆಲ್‌ಗೆ ಸಿಗೋದು ಉದುರಿದ ಪುಡಿ ಅಷ್ಟೇ. ನಾಲ್ಕು ಸೆಂಟಿಮೀಟರ್.”

ನಾಲ್ಕು! ಅವಳ ನಾಲ್ಕರ ಪಕ್ಕದಲ್ಲಿ ತಾನು ಐದು ಎಂದು ಬರೆಯಬೇಕೆ? ಅವಳ ಸೆರಗು ಹಿಡಿದುಕೊಂಡು ಬಂದವನ ಹಾಗೆ? ಅವನ ಮೈ ಉರಿದುಹೋಯಿತು. ಚೀಟಿಯನ್ನು ಮುದುರಿ ಎಸೆದು ಕುಟ್ಟಿದ: “ಬೆಳಗಿನ ಜಾವಕ್ಕೆ ಗಾಳಿ ತೆಂಕಣಕ್ಕೆ ತಿರುಗುತ್ತೆ. ಮೂವತ್ತು ವರ್ಷ ಈ ಊರಲ್ಲಿ ಕಿಟಕಿ ತೆಗೆದು ನೋಡಿದವನು ಹೇಳ್ತಿದ್ದೀನಿ. ಇಪ್ಪತ್ತು.”

ಕಟ್ಟೆ ಹೊತ್ತಿಕೊಂಡಿತು.

“ಮೇಷ್ಟ್ರು ಶಿಷ್ಯೆ ಕುಸ್ತಿ! ಪಾಪ್‌ಕಾರ್ನ್ ತಗೊಂಡು ಕೂತೆ ಕಣ್ರಪ್ಪೋ.”

“ತಂಗೀ, ಇದು ಬಸ್ಸಿನ ಗೇರು ಹಾಕಿದಷ್ಟು ಸುಲಭ ಅಲ್ಲ.”

“ಹಳೇಕೋಲಿಗೆ ವಯಸ್ಸಾಯ್ತು, ಇಪ್ಪತ್ತಂತೆ ಇಪ್ಪತ್ತು! ಕನಸಲ್ಲಿ ಬಿದ್ದೀತು.”

ಈ ಕೊನೆಯದನ್ನು ಬರೆದವನು ಓರೇಂಜ್ ಎಂಬ ಊರಿನ ಒಬ್ಬ ಬಡಗಿ. ಗಾರ್ತ್ ಅವನಿಗೆ ಉತ್ತರ ಬರೆದು ಅಳಿಸಿದ, ಮತ್ತೆ ಬರೆದು ಮತ್ತೆ ಅಳಿಸಿದ. ಇಪ್ಪತ್ತು ಬೀಳುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಶನಿವಾರ ಒಂಬತ್ತಕ್ಕೆ ಸ್ಕೇಲು ಹಿಡಿದು ಅಂಗಳಕ್ಕೆ ಇಳಿದ. ಗಾಳಿ ಇನ್ನೂ ಪಡುವಣದಿಂದಲೇ ಬೀಸುತ್ತಿತ್ತು, ಕಿವಿ ಕತ್ತರಿಸುವಷ್ಟು. ಹಿಮದ ನಡುವೆ ಹುಲ್ಲಿನ ತುದಿಗಳು ಕಾಣುತ್ತಿದ್ದವು. ಹಲಗೆಯ ಮೇಲೆ ಮೂರು ಕಡೆ ಸ್ಕೇಲು ನಿಲ್ಲಿಸಿದ: ನಾಲ್ಕು, ಐದು, ನಾಲ್ಕೂವರೆ. ಇನ್ನೊಮ್ಮೆ ಅಳೆದ. ನಾಲ್ಕೂವರೆ. ತಾನು ಚೀಟಿಯಲ್ಲಿ ಬರೆದು ಮುದುರಿದ ಐದನ್ನು ಹಾಕಿದ್ದರೂ ಸಾಕಿತ್ತು, ಇಬ್ಬರೂ ಒಟ್ಟಿಗೇ ಗೆಲ್ಲುತ್ತಿದ್ದರು! ಆ ಯೋಚನೆ ಬಂದದ್ದೇ ಅವನಿಗೆ ಅವಳ ಮೇಲಿನ ಸಿಟ್ಟು ಇಮ್ಮಡಿಯಾಯಿತು.

ಸೌದೆ ಕೊಟ್ಟಿಗೆಯ ಗೋಡೆಗೆ ಗಾಳಿ ಹಿಮವನ್ನು ಗುಡ್ಡೆ ಹಾಕಿತ್ತು. ಗಾಳಿ ಗುಡ್ಡೆ ಹಾಕಿದ ಕಡೆ ಅಳೆಯುವುದು ಕಟ್ಟೆಯಲ್ಲಿ ತೀರಾ ಹೊಸಬರು ಮಾಡುವ ತಪ್ಪು. “ಅಲ್ಲಿ ಅಳೆಯೋನು ಹಿಮ ಅಳೀತಿಲ್ಲ, ತನ್ನ ಆಸೆ ಅಳೀತಿದ್ದಾನೆ” ಎಂದು ಕಟ್ಟೆಯ ನಿಯಮದಲ್ಲಿ ಬರೆದಿಟ್ಟವನೂ ಇದೇ ಗಾರ್ತ್. ಅವನು ಅತ್ತ ಇತ್ತ ನೋಡಿ ಗುಡ್ಡೆಯೊಳಗೆ ಸ್ಕೇಲು ಇಳಿಸಿದ. ಇಪ್ಪತ್ತೆರಡು. ಫೋನು ತೆಗೆದು ಸ್ಕೇಲೂ ಹಿಮವೂ ಮಾತ್ರ ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ ಹೊಡೆದ.

ಅಡಿಗೆಮನೆಯ ಕಿಟಕಿ ತೆರೆಯಿತು. “ಹಲಗೆ ಆ ಕಡೆ ಇದೆ ಮಾರಾಯ,” ಎಂದಳು ಲೊರೆಲ್. “ಅಲ್ಲೇನು ಕೋಲು ಚುಚ್ತಾ ಇದ್ದೀಯ?”

“ಸುಮ್ನೆ ನೋಡ್ತಿದ್ದೆ.”

“ಸುಮ್ನೆ ನೋಡೋಕೆ ಫೋಟೋ ಯಾಕೋ?”

ಅವನು ಫೋನನ್ನು ಜೇಬಿಗಿಳಿಸಿದ. ಅವಳು ಅದನ್ನೂ ನೋಡಿ ಕಿಟಕಿ ಮುಚ್ಚಿಕೊಂಡಳು. ಒಂಬತ್ತೂಕಾಲಿಗೆ ಕಟ್ಟೆಯಲ್ಲಿ ‘ನಿಮ್ಮಿಟಬೆಲ್: 22. ಹಲಗೆ ಹೇಳ್ತು’ ಎಂದು ಫೋಟೋ ಸಮೇತ ಬಿತ್ತು.

ಆಹಾ, ಆ ದಿನ ಅವನನ್ನು ಹೊಗಳಿದ್ದೇ ಹೊಗಳಿದ್ದು! ಗುರು ಅಂದ್ರೆ ಗುರು, ಮುದುಕನ ಮೂಗು ನಕ್ಷೆಗಿಂತ ಮೇಲು, ಇನ್ನೂ ಏನೇನೋ. ಓರೇಂಜಿನ ಬಡಗಿ ಕಾಲಿಗೆ ಬಿದ್ದೆ ಎಂದು ಬರೆದ. ಟ್ಯಾಮ್ಸಿನ್ ಮಾತ್ರ ಸಂಜೆ ಬರೆದಳು: “ಹಲಗೆ ಹೇಳಿದ್ಮೇಲೆ ಮುಗೀತು. ಅಭಿನಂದನೆ ಮೇಷ್ಟ್ರೇ. ಎಲ್ಲಿ ತಪ್ಪಿದೆ ಅಂತ ಕೂತು ನೋಡ್ತೀನಿ.” ಒಂದು ಕೊಂಕಿಲ್ಲ, ಸಬೂಬಿಲ್ಲ. ಸೋತವಳು ಸ್ವಲ್ಪ ಮುಖ ಊದಿಸಿಕೊಂಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಇಷ್ಟು ಚೆನ್ನಾಗಿ ಸೋಲುವುದೂ ಅವಳಿಗೇ ಬರಬೇಕೇ ಎಂದು ಅದಕ್ಕೂ ಉರಿದುಕೊಂಡ.

ಹತ್ತು ದಿನ ಅವಳು ಕಟ್ಟೆಯಲ್ಲಿ ತುಟಿಪಿಟಿಕ್ಕೆನ್ನಲಿಲ್ಲ. ಆಮೇಲೆ ಮತ್ತೊಂದು ಮೋಡ ಎದ್ದಿತು, ಹಿಂದಿನದರ ಹಾಗೆಯೇ ಪಡುವಣದ್ದು. ಈ ಸಲ ಗಾರ್ತ್ ಮೂರು ಎಂದು ಹಾಕಿದ. ಟ್ಯಾಮ್ಸಿನ್ ಹದಿನೆಂಟು ಎಂದು ಹಾಕಿದಳು.

ಆ ಹದಿನೆಂಟನ್ನು ಕಂಡಾಗ ಗಾರ್ತನ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಅದು ಎಲ್ಲಿಂದ ಬಂತೆಂದು ಅವನಿಗೆ ಒಡನೆಯೇ ಹೊಳೆಯಿತು. ಅವಳು ಇಪ್ಪತ್ತೆರಡನ್ನು ನಂಬಿ, ಇಂಥ ಪಡುವಣ ಗಾಳಿ ಬೆಳಗಿನ ಜಾವಕ್ಕೆ ತಿರುಗಿ ನಿಮ್ಮಿಟಬೆಲ್ಲಿಗೂ ಹಿಮ ತರುತ್ತದೆಂದು ತನ್ನ ಲೆಕ್ಕವನ್ನೆಲ್ಲ ತಿದ್ದಿಕೊಂಡಿದ್ದಾಳೆ. ಅವಳಿಗೊಂದು ಮಾತು ಬರೆದುಹಾಕಲು ಇನ್ನೂ ಎರಡು ಗಂಟೆ ಸಮಯವಿತ್ತು. ಅವನು ಬರೆಯಲಿಲ್ಲ. ಚಹಾ ಮಾಡಿಕೊಂಡು ಬಂದು ಕೂತ.

ಬಿದ್ದದ್ದು ಎರಡೂವರೆ. ಈ ಸಲ ಹಲಗೆಯ ಮೇಲೆಯೇ, ನಿಯಮದ ಪ್ರಕಾರ ಅಳೆದ. ಕಟ್ಟೆಯವರು ಅವಳನ್ನು ಎಳೆದಾಡಿದರು.

“ನಿದ್ದೆಗೇಡಿ ಈ ಸಲ ನಿದ್ದೆ ಮಾಡ್ಕೊಂಡೇ ಹೇಳಿದ್ದು.”

“ಹದಿನೆಂಟು ಅಂದಿದ್ದು ಬಸ್ಸಲ್ಲಿರೋ ಮಕ್ಕಳ ಲೆಕ್ಕ ಇರ್ಬೇಕು ಬಿಡ್ರಪ್ಪ.”

ಗಾರ್ತ್ ಎಲ್ಲವನ್ನೂ ಎರಡೆರಡು ಸಲ ಓದಿದ. ಚಹಾ ಎಷ್ಟೋ ದಿನಗಳ ಮೇಲೆ ರುಚಿಸಿತು, ಎದೆಯುರಿಯೂ ಇರಲಿಲ್ಲ. ಮಾರನೆಯ ದಿನ ಟ್ಯಾಮ್ಸಿನ್ “ಈ ಕಟ್ಟೆಗೆ ನನ್ನಿಂದ ತೊಂದರೆ ಸಾಕು, ಎಲ್ಲರಿಗೂ ನಮಸ್ಕಾರ” ಎಂದು ಬರೆದಳು. ಡೆನ್ಹಮ್ ಗಾರ್ತನಿಗೆ ಬೇರೆಯಾಗಿ ತಿಳಿಸಿದ, ಭಾನುವಾರ ಸಾರುವುದೊಂದು ಬಾಕಿ, ‘ಮಾತು’ ಅವನದೇ ಎಂದು.

ಶನಿವಾರ ಮಧ್ಯಾಹ್ನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ಮೇಷ್ಟ್ರೇ? ನಾನು ಟ್ಯಾಮ್ಸಿನ್. ಬೊಂಬಾಲದಿಂದ.”

ಅವಳ ದನಿ ಅವನು ಅಂದುಕೊಂಡಂತೆ ಇರಲಿಲ್ಲ. ಒಡಕು ದನಿ, ಮಕ್ಕಳ ಮೇಲೆ ಕೂಗಿ ಕೂಗಿ ಬಿದ್ದುಹೋದದ್ದು. ಗಾರ್ತ್ “ಹೇಳಮ್ಮ” ಎಂದ.

“ನಾಲ್ಕು ವರ್ಷ ಹೇಳ್ಕೊಟ್ರಿ, ಹೇಳದೆ ಹೋದ್ರೆ ಸರಿಯಲ್ಲ ಅಂತ ಫೋನ್ ಮಾಡ್ದೆ. ಲೆಕ್ಕದ ಪುಸ್ತಕಗಳನ್ನೆಲ್ಲ ಒಲೆಗೆ ಹಾಕ್ತಿದ್ದೀನಿ. ಇದು ನನ್ನ ಕೈಲಾಗೋ ಕೆಲಸ ಅಲ್ಲ.”

“ಒಂದು ಸಲ ತಪ್ಪಿದ್ರೆ ಯಾರಾದ್ರೂ ಹಾಗ್ಮಾಡ್ತಾರಾ?”

“ಒಂದು ಸಲ ಅಲ್ಲ ಮೇಷ್ಟ್ರೇ. ಆ ಶನಿವಾರ ಇದ್ಯಲ್ಲ, ಇಪ್ಪತ್ತೆರಡು ಬಿದ್ದಿದ್ದು? ಅವತ್ತು ನಾನು ನಿಮ್ಮೂರಿಗೆ ಬಂದಿದ್ದೆ. ನಿಮಗೆ ಅಂತ ಕೇಕೂ ತಂದಿದ್ದೆ. ಬೇಕರಿ ಮುಂದೆ ಇಳಿದು ನೋಡ್ತೀನಿ, ಹುಲ್ಲು ಕಾಣ್ತಾ ಇದೆ. ನನ್ನ ಕಣ್ಣಿಗೆ ನಾಲ್ಕು ಅನ್ನಿಸ್ತು. ಫೋನ್ ತೆಗೆದು ನೋಡಿದ್ರೆ ಹಲಗೆ ಇಪ್ಪತ್ತೆರಡು ಅಂತಿದೆ. ನಾಚಿಕೆ ಆಗಿ ನಿಮ್ಮನೆ ಕಡೆ ಬರದೇ ವಾಪಸ್ ಹೋದೆ. ಎದುರಿಗೇ ಬಿದ್ದಿರೋ ಹಿಮ ಎಷ್ಟು ಅಂತ ಗೊತ್ತಾಗದವಳು ನಾಳೆ ಬೀಳೋದನ್ನ ಏನು ಹೇಳ್ತಾಳೆ, ಹೇಳಿ?”

ಇದೇ ಅವನು ಎರಡು ತಿಂಗಳಿಂದ ಬಯಸಿದ್ದು. ಅವಳು ಕಟ್ಟೆ ಬಿಟ್ಟು ತೊಲಗಬೇಕು, ತನಗೆ ಏನೂ ಬರುವುದಿಲ್ಲ ಎಂದು ಅವಳ ಬಾಯಿಂದಲೇ ಬರಬೇಕು. ಬಂದಾಗಿತ್ತು. ಇನ್ನು “ಹೋಗ್ಲಿ ಬಿಡಮ್ಮ” ಎಂದು ಫೋನು ಇಟ್ಟರೆ ಸಾಕಿತ್ತು. ಆದರೆ ಅವಳು ಬೇಕರಿಯ ಮುಂದೆ ಕೇಕು ಹಿಡಿದು, ಸರಿಯಾಗಿದ್ದ ತನ್ನ ಕಣ್ಣನ್ನೇ ತಾನು ನಂಬದೆ ನಿಂತದ್ದು ಅವನ ಕಣ್ಣಿಗೆ ಕಟ್ಟಿತು.

“ಟ್ಯಾಮ್ಸಿನ್, ಇಪ್ಪತ್ತೆರಡು ಬಿದ್ದಿರ್ಲಿಲ್ಲ.”

“ಅಂದ್ರೆ?”

“ಸೌದೆ ಕೊಟ್ಟಿಗೆ ಗೋಡೆಗೆ ಗಾಳಿ ಗುಡ್ಡೆ ಹಾಕಿತ್ತು. ಅಲ್ಲಿ ಅಳೆದೆ. ಹಲಗೆ ಮೇಲೆ ಇದ್ದಿದ್ದು ನಾಲ್ಕೂವರೆ.”

“ಗೊತ್ತಿದ್ದೂ?”

“ಗೊತ್ತಿದ್ದೂ. ನಿನ್ನ ನಾಲ್ಕು ನೋಡಿ ನನಗೆ ಹೊಟ್ಟೆ ಉರಿದುಹೋಯ್ತು. ಅದಕ್ಕೇ ಮಾಡ್ದೆ.”

ಬೈಗುಳಕ್ಕೆ ಕಾದ. ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದುಕೊಂಡ. ಬೈಯಲಿ, ಬಾಯಿಗೆ ಬಂದಂತೆ ಬೈಯಲಿ.

“ನಾಲ್ಕೂವರೆ?” ಎಂದಳು ಅವಳು. “ಸರಿಯಾಗಿ ಹೇಳಿ ಮೇಷ್ಟ್ರೇ. ಎಷ್ಟು ಕಡೆ ಅಳೆದ್ರಿ?”

“ಮೂರು ಕಡೆ. ನಾಲ್ಕು, ಐದು, ನಾಲ್ಕೂವರೆ.”

“ಗಾಳಿ? ತೆಂಕಣಕ್ಕೆ ತಿರುಗಿತ್ತಾ?”

“ಇಲ್ಲಮ್ಮ. ಒಂಬತ್ತಕ್ಕೂ ಪಡುವಣದ್ದೇ.”

“ಅಯ್ಯಯ್ಯೋ! ಹಾಗಾದ್ರೆ ನಂದು ಸರಿ ಇತ್ತು!” ಅವಳು ಕಿರುಚಿದ ರಭಸಕ್ಕೆ ಫೋನು ಗರಗರ ಎಂದಿತು. “ತಿರುಗಲ್ಲ ಅಂತ ಅಂದಿದ್ದೆನಲ್ಲ ನಾನು! ಕೇಳ್ರೋ, ನಂದು ಸರಿ ಇತ್ತಂತೆ ಕಣ್ರೋ!” ಇದು ಮನೆಯೊಳಗೆ ಯಾರಿಗೋ ಹೇಳಿದ್ದು. ಅವಳು ನಗುತ್ತಿದ್ದಳು, ಉಸಿರು ಸಿಗದ ಹಾಗೆ ನಗುತ್ತಿದ್ದಳು. “ಇಡ್ತೀನಿ ಮೇಷ್ಟ್ರೇ, ಇಡ್ತೀನಿ, ಪುಸ್ತಕ ಒಲೆ ಪಕ್ಕದಲ್ಲೇ ಇವೆ. ಗುರುವಾರ ಇನ್ನೊಂದು ಬರ್ತಿದೆ ನೋಡಿದ್ರಾ? ಎಲ್ಲಾ ಮೊದಲಿಂದ ಹಾಕ್ಬೇಕು!”

ಫೋನು ಕಟ್ಟಾಯಿತು. ಲೊರೆಲ್ ಬಾಗಿಲಲ್ಲಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

“ಚೆನ್ನಾಗಿ ಉಗಿದಳಾ?”

“ಇಲ್ಲ.”

“ಮತ್ತೆ?”

“ಖುಷಿಪಟ್ಟಳು.”

“ಒಳ್ಳೇದಾಯ್ತಲ್ಲ. ಮತ್ಯಾಕೆ ಮುಖ ಹಂಗೆ ಮಾಡ್ಕೊಂಡಿದ್ದೀಯ?”

“ಉಗಿದಿದ್ರೆ ಚೆನ್ನಾಗಿತ್ತು ಕಣೇ,” ಎಂದ ಗಾರ್ತ್.

ಸಂಜೆಯೊಳಗೆ ಕಟ್ಟೆಯಲ್ಲಿ ಬರೆದ: ಆ ಶನಿವಾರದ ನಿಮ್ಮಿಟಬೆಲ್ 22 ಅಲ್ಲ, 4.5. ಗುಡ್ಡೆಯಲ್ಲಿ ಅಳೆದೆ, ಬೇಕೆಂದೇ ಅಳೆದೆ. ಉಗಿಯುವವರೆಲ್ಲ ಸೇರಿ ಉಗಿದರು. ಓರೇಂಜಿನ ಬಡಗಿ ಎಲ್ಲರಿಗಿಂತ ಜೋರು. ಹನ್ನೊಂದು ವರ್ಷದ ಅಳತೆಯಲ್ಲಿ ಇನ್ನೆಷ್ಟು ಸುಳ್ಳಿದೆಯೋ ಎಂದು ಕೇಳಿದರು. ಡೆನ್ಹಮ್ ಎರಡೇ ಸಾಲಿನಲ್ಲಿ ‘ಬೆಳಗಿನ ಮಾತ’ನ್ನು ಟ್ಯಾಮ್ಸಿನ್‌ಗೆ ಕೊಟ್ಟು, ನಿಮ್ಮಿಟಬೆಲ್ಲಿನ ಹಲಗೆಯನ್ನು ಇನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದ. ಗಾರ್ತ್ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದಿದ. ಯಾವುದೂ ಅವನಿಗೆ ಅಷ್ಟಾಗಿ ತಾಕಲಿಲ್ಲ. ಟ್ಯಾಮ್ಸಿನ್ ಅವನ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಗುರುವಾರದ್ದರ ಲೆಕ್ಕದಲ್ಲಿ ಮುಳುಗಿಬಿಟ್ಟಿದ್ದಳು.

ಕಂಪ್ಯೂಟರ್ ಮುಚ್ಚಿದ ಮೇಲೂ ಆ ನಗು ಕಿವಿಯಲ್ಲೇ ಇತ್ತು. ಯಾರೂ ನೋಡದಿದ್ದರೂ, ಯಾರೂ ಚಪ್ಪಾಳೆ ತಟ್ಟದಿದ್ದರೂ, ಹಿಮ ತಾನು ಹೇಳಿದಷ್ಟೇ ಬಿದ್ದಿತ್ತು ಎಂಬುದೊಂದಕ್ಕೇ ಅವಳು ಹಾಗೆ ನಕ್ಕಿದ್ದಳು. ತಾನು ಹಾಗೆ ಕೊನೆಯ ಸಲ ನಕ್ಕದ್ದು ಯಾವ ಚಳಿಗಾಲದಲ್ಲಿ ಎಂದು ಗಾರ್ತ್ ಯೋಚಿಸುತ್ತ ಕೂತ. ಅವನಿಗೆ ನೆನಪಾಗಲಿಲ್ಲ.